ನಂಬಿಕೆ ಬಿಟ್ಟವರಿಗೆ ಹೆಸರಿಟ್ಟವರು ಯಾರು?

1995ರ ಜೂನ್‌ನಲ್ಲಿ ಕೈರೋದ ಮೇಲ್ಮನವಿ ನ್ಯಾಯಾಲಯ ಒಂದು ಮದುವೆಯನ್ನು ರದ್ದು ಮಾಡಿತು. ಗಂಡ ನಸ್ರ್ ಅಬು ಝೈದ್, ಕೈರೋ ವಿಶ್ವವಿದ್ಯಾಲಯದಲ್ಲಿ ಅರಬ್ಬಿ ಪ್ರಾಧ್ಯಾಪಕ. ಗಂಡನಿಗೂ ಹೆಂಡತಿಗೂ ವಿಚ್ಛೇದನ ಬೇಕಿರಲಿಲ್ಲ. ಅರ್ಜಿ ಹಾಕಿದವರು ಅವರಿಗೆ ಸಂಬಂಧವೇ ಇಲ್ಲದ ಕೆಲವು ವಕೀಲರು. ಅವರ ವಾದ ಇಷ್ಟು: ಕುರಾನಿನ ಬಗ್ಗೆ ಈ ಮನುಷ್ಯ ಬರೆದದ್ದನ್ನು ಓದಿದರೆ ಇವನು ಇಸ್ಲಾಂ ಬಿಟ್ಟಿದ್ದಾನೆ ಅಂತ ಗೊತ್ತಾಗುತ್ತದೆ, ಇಸ್ಲಾಂ ಬಿಟ್ಟವನ ಜೊತೆ ಮುಸ್ಲಿಂ ಹೆಣ್ಣಿನ ಮದುವೆ ನಿಲ್ಲುವುದಿಲ್ಲ. ಈಜಿಪ್ಟಿನ ದಂಡಸಂಹಿತೆಯಲ್ಲಿ ಮತ ಬಿಡುವುದು ಅಪರಾಧವಲ್ಲ. ಅದಕ್ಕೇ ಕೌಟುಂಬಿಕ ಕಾನೂನಿನ ಹಿತ್ತಿಲ ಬಾಗಿಲಿಂದ ಬಂದಿದ್ದರು. ಅಬು ಝೈದ್ ತಾನು ಮುಸ್ಲಿಂ ಅಂತಲೇ ಹೇಳುತ್ತಾ ಬಂದರು. ಕೋರ್ಟು ಒಪ್ಪಲಿಲ್ಲ. ದಂಪತಿ ದೇಶ ಬಿಟ್ಟು ನೆದರ್‌ಲ್ಯಾಂಡ್ಸ್‌ನ ಲೈಡನ್ ಸೇರಿಕೊಂಡರು. ಮರುವರ್ಷ ಈಜಿಪ್ಟಿನ ಅತ್ಯುನ್ನತ ನ್ಯಾಯಾಲಯವೂ ತೀರ್ಪನ್ನು ಎತ್ತಿಹಿಡಿಯಿತು.

ಕೋರ್ಟು ಅವರಿಗೆ ಹಚ್ಚಿದ ಹೆಸರು ಮುರ್ತದ್. ಇಂಗ್ಲಿಷಿನಲ್ಲಿ ಇದಕ್ಕೆ ಅಪೋಸ್ಟೇಟ್ ಅನ್ನುತ್ತಾರೆ; ಬಿಡುವ ಕ್ರಿಯೆಗೆ ಅಪೋಸ್ಟಸಿ. ನಿಘಂಟು ತೆಗೆದು ನೋಡಿದರೆ ಅರ್ಥ ಸರಳವಾಗಿದೆ: ಹಿಂದೆ ಒಪ್ಪಿಕೊಂಡಿದ್ದ ಮತವನ್ನೋ ಸಿದ್ಧಾಂತವನ್ನೋ ಪಕ್ಷವನ್ನೋ ತೊರೆಯುವುದು. ಓದುವಾಗ ಇದು ಒಬ್ಬ ಮನುಷ್ಯ ತನ್ನಷ್ಟಕ್ಕೆ ತಾನು ಮಾಡುವ ಕೆಲಸದ ಹೆಸರು ಅನ್ನಿಸುತ್ತದೆ. ಕೈರೋದಲ್ಲಿ "ಬಿಟ್ಟೆ" ಎಂದವರು ಯಾರೂ ಇರಲಿಲ್ಲ. "ಬಿಟ್ಟಿದ್ದೀಯ" ಎಂದವರಷ್ಟೇ ಇದ್ದರು. ಈ ಪದದ ಹಿಂದೆ ಎರಡೂವರೆ ಸಾವಿರ ವರ್ಷ ನಡೆದುಹೋದರೂ ಹೆಚ್ಚಿನ ಕಡೆ ಕಾಣುವುದು ಇದೇ. ಹೊರಗೆ ಹೋದವರು ತಮಗೆ ತಾವೇ ಇಟ್ಟುಕೊಂಡ ಹೆಸರು ಇದಲ್ಲ, ಒಳಗೆ ಉಳಿದವರು ಕೊಟ್ಟದ್ದು.

ಮೊದಮೊದಲು ಈ ಪದಕ್ಕೂ ದೇವರಿಗೂ ಸಂಬಂಧವೇ ಇರಲಿಲ್ಲ. ಗ್ರೀಕ್ ಭಾಷೆಯಲ್ಲಿ ಅಪೋ ಅಂದರೆ ಆಚೆ, ದೂರ. ಸ್ಟಾಸಿಸ್ ಅಂದರೆ ನಿಲ್ಲುವುದು. ಎರಡೂ ಸೇರಿ ಅಪೋಸ್ಟಾಸಿಸ್, ದೂರ ಸರಿದು ನಿಲ್ಲುವುದು. ಒಂದು ಕೂಟದಲ್ಲಿದ್ದ ನಗರ ಅದನ್ನು ಧಿಕ್ಕರಿಸಿ ಹೊರಬಂದರೆ ಹೀಗೆ ಹೇಳುತ್ತಿದ್ದರು. ಅಪೋಸ್ಟಸಿಯಾ ಎಂಬುದು ಇದರದೇ ಆಮೇಲಿನ ರೂಪ.

ಕ್ರಿ.ಪೂ. 428ರಲ್ಲಿ ಲೆಸ್ಬೋಸ್ ದ್ವೀಪದ ಮಿಟಿಲೀನ್ ನಗರ ಅಥೆನ್ಸಿನ ಕೂಟದಿಂದ ಹಾಗೆ ಹೊರಬಂದಿತು. ಅಥೆನ್ಸ್ ಅದನ್ನು ಬಗ್ಗುಬಡಿಯಿತು. ಮುಂದೇನು ಮಾಡಬೇಕು ಅಂತ ನಡೆದ ಚರ್ಚೆ ಥುಸಿಡಿಡೀಸನ ಇತಿಹಾಸದಲ್ಲಿ ದಾಖಲಾಗಿದೆ. ಆ ಊರಿನ ಗಂಡಸರನ್ನೆಲ್ಲ ಕೊಲ್ಲಬೇಕು ಅಂತ ವಾದಿಸಿದವನು ಕ್ಲಿಯೋನ್. ಅವನ ಭಾಷಣದಲ್ಲಿ ಒಂದು ಮಾತು ಬರುತ್ತದೆ: ಇವರದು ಅಪೋಸ್ಟಾಸಿಸ್ ಅಲ್ಲ, ಆ ಮಾತು ಸಲ್ಲುವುದು ದಬ್ಬಾಳಿಕೆ ಅನುಭವಿಸಿದವರಿಗೆ, ಇವರು ಸುಮ್ನೆ ನಮ್ಮ ಮೇಲೆ ತಿರುಗಿಬಿದ್ದವರು. ಗಮನಿಸಿ, ಊರಿನ ಗಂಡಸರನ್ನೆಲ್ಲ ಸಾಯಿಸಿ ಅನ್ನುವ ಮನುಷ್ಯ ಇವನು. ಇಂಥವನೂ ಆ ಪದವನ್ನು ಬೈಗುಳವಾಗಿ ಬಳಸಲಿಲ್ಲ. ಅದಕ್ಕೆ ಆಗ ಒಂದಿಷ್ಟು ಮರ್ಯಾದೆ ಇತ್ತು. ಹಿಂಸೆ ತಾಳಲಾರದೆ ಹೊರಟವರ ಗುರುತು ಅದರಲ್ಲಿತ್ತು.

ಆ ಮರ್ಯಾದೆ ಹೋದದ್ದು ಯಾವಾಗ? ಕ್ರಿ.ಪೂ. ಮೂರನೇ ಶತಮಾನದಿಂದಾಚೆಗೆ ಯೆಹೂದಿಗಳ ಪವಿತ್ರ ಗ್ರಂಥಗಳು ಗ್ರೀಕಿಗೆ ಬರತೊಡಗಿದವು. ದೇವರ ಮೇಲೆ ದಂಗೆ ಏಳುವುದನ್ನು ಹೇಳಲು ಅನುವಾದಕರಿಗೆ ಒಂದು ಪದ ಬೇಕಾಯಿತು. ಕೈಗೆ ಸಿಕ್ಕಿದ್ದು ರಾಜಕೀಯದ ಈ ಪದ. ದೇವರನ್ನು ಅರಸ ಅಂತ ಕಂಡವರಿಗೆ ಅವನಿಂದ ದೂರ ಸರಿದವನು ಬಂಡುಕೋರನಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅರಸನ ವಿರುದ್ಧ ದಂಗೆಗೆ ಕಾರಣ ಇರಬಹುದು. ದೇವರು ದಬ್ಬಾಳಿಕೆ ಮಾಡುತ್ತಾನೆ ಅಂತ ಯಾರು ಹೇಳಬಲ್ಲರು? ಬಿಟ್ಟುಹೋಗುವವನಿಗೆ ಒಂದು ನ್ಯಾಯವಾದ ಕಾರಣ ಇರಬಹುದು ಎಂಬ ಜಾಗವೇ ಪದದೊಳಗೆ ಮುಚ್ಚಿಹೋಯಿತು.

ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಅಪೋಸ್ಟಸಿಯಾ ಎರಡೇ ಕಡೆ ಬರುತ್ತದೆ. ಅದರಲ್ಲಿ ಒಂದು, ಅಪೊಸ್ತಲರ ಕೃತ್ಯಗಳು ಎಂಬ ಭಾಗದಲ್ಲಿ ಪೌಲನ ಮೇಲೆ ಬರುವ ದೂರು. ಮೋಶೆಯ ಧರ್ಮವನ್ನು ಬಿಡಲು ಇವನು ಯೆಹೂದಿಗಳಿಗೆ ಕಲಿಸುತ್ತಿದ್ದಾನೆ ಅಂತ. ಅಂದರೆ ಕ್ರೈಸ್ತ ಧರ್ಮಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬನೇ ಈ ಆರೋಪಕ್ಕೆ ಗುರಿಯಾಗಿದ್ದ. ಮೂರು ಶತಮಾನ ಕಳೆಯುವಷ್ಟರಲ್ಲಿ ಅದೇ ಪದ ಚರ್ಚಿನ ಕೈಯಲ್ಲಿತ್ತು. ರೋಮಿನ ಚಕ್ರವರ್ತಿ ಜೂಲಿಯನ್ 361ರಿಂದ 363ರವರೆಗೆ ಆಳಿದ. ಕ್ರೈಸ್ತನಾಗಿ ಬೆಳೆದು, ಹಳೆಯ ದೇವತೆಗಳ ಕಡೆ ಹೋದ. ತಾನು ಏನನ್ನೋ ಬಿಟ್ಟೆ ಅಂತ ಅವನಿಗೆ ಅನ್ನಿಸಲಿಲ್ಲ. ಪೂರ್ವಿಕರ ದಾರಿಗೆ ವಾಪಸು ಬಂದೆ ಅಂದುಕೊಂಡಿದ್ದ. ಆದರೂ ಚರಿತ್ರೆಯ ಪುಸ್ತಕಗಳಲ್ಲಿ ಇವತ್ತಿಗೂ ಅವನು ಜೂಲಿಯನ್ ದಿ ಅಪೋಸ್ಟೇಟ್. ಎದುರಾಳಿಗಳು ಇಟ್ಟ ಅಡ್ಡಹೆಸರೇ ಅವನ ಹೆಸರಾಗಿ ಉಳಿಯಿತು.

ಮಧ್ಯಯುಗದ ಯುರೋಪಿನಲ್ಲಿ ಪದ ಇನ್ನೂ ಒಂದು ಕಡೆ ಹರಡಿತು. ಮಠ ಬಿಟ್ಟು ಓಡಿಹೋದ ಸನ್ಯಾಸಿಯೂ ಅಪೋಸ್ಟೇಟ್ ಎನಿಸಿಕೊಂಡ. ದೇವರ ಮೇಲೆ ಅವನಿಗೆ ನಂಬಿಕೆ ಇದ್ದರೂ ಅಷ್ಟೇ. ಇಂಗ್ಲೆಂಡಿನಲ್ಲಿ ಅಂಥವರನ್ನು ಹಿಡಿದು ಮಠಕ್ಕೆ ಒಪ್ಪಿಸಲು ರಾಜನ ಕಚೇರಿಯಿಂದ ವಾರಂಟು ಹೊರಡುತ್ತಿತ್ತು. ಬೌದ್ಧರ ವಿನಯ ನಿಯಮ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಭಿಕ್ಷು ಸನ್ಯಾಸ ಬಿಡಬೇಕೆಂದರೆ, ಮಾತು ಅರ್ಥವಾಗುವ ಒಬ್ಬರ ಮುಂದೆ "ಶಿಕ್ಷಣವನ್ನು ಬಿಡುತ್ತಿದ್ದೇನೆ" ಅಂತ ಮನಸಾರೆ ಹೇಳಿದರೆ ಸಾಕು. ಸಂಘದ ಒಪ್ಪಿಗೆ ಬೇಕಿಲ್ಲ. ಆಮೇಲೆ ಮನಸ್ಸಾದರೆ ಮತ್ತೆ ದೀಕ್ಷೆ ತೆಗೆದುಕೊಳ್ಳಬಹುದು. ಸನ್ಯಾಸ ಬಿಡುವುದೂ ಮತ ಬಿಡುವುದೂ ಒಂದೇ ಅಲ್ಲ, ನಿಜ. ಆದರೂ ಸಂಸ್ಥೆಯೊಂದು ಹೊರಗೆ ಹೋಗುವ ದಾರಿಯನ್ನು ಮೊದಲೇ ಬರೆದಿಟ್ಟರೆ ಬೈಗುಳದ ಅಗತ್ಯ ಎಷ್ಟು ಕಡಿಮೆಯಾಗುತ್ತದೆ ಅಂತ ಇದರಿಂದ ತಿಳಿಯುತ್ತದೆ.

ಅರಬ್ಬಿಯ ರಿದ್ದಾ, ಇರ್ತಿದಾದ್, ಮುರ್ತದ್ ಇವೆಲ್ಲ ಒಂದೇ ಬೇರಿನ ಪದಗಳು. ತಿರುಗುವುದು, ಹಿಂದಕ್ಕೆ ಹೋಗುವುದು ಎಂಬ ಅರ್ಥ. ಇಲ್ಲೂ ರಾಜಕೀಯ ಪಕ್ಕದಲ್ಲೇ ಇದೆ. 632ರಲ್ಲಿ ಪ್ರವಾದಿ ಮುಹಮ್ಮದರು ತೀರಿಕೊಂಡ ಮೇಲೆ ಅರೇಬಿಯಾದ ಹಲವು ಬುಡಕಟ್ಟುಗಳು ಮದೀನಾದ ಹಿಡಿತದಿಂದ ಹೊರಬಂದವು. ಕೆಲವರು ಹೊಸ ಪ್ರವಾದಿಗಳ ಹಿಂದೆ ಹೋದರು. ಕೆಲವರು ನಮಾಜು ಮಾಡುತ್ತೇವೆ, ಝಕಾತ್ ಎಂಬ ಕಡ್ಡಾಯ ದಾನವನ್ನು ಮಾತ್ರ ಮದೀನಾಕ್ಕೆ ಕಳಿಸುವುದಿಲ್ಲ ಅಂದರು. ಮೊದಲ ಖಲೀಫ ಅಬು ಬಕರ್ ಇವರೆಲ್ಲರ ಮೇಲೆ ಯುದ್ಧ ಹೂಡಿದರು. ಅದಕ್ಕೆ ರಿದ್ದಾ ಯುದ್ಧಗಳು ಅಂತಲೇ ಹೆಸರು. ಮತ ಬಿಟ್ಟದ್ದು ಎಲ್ಲಿ ಮುಗಿಯಿತು, ತೆರಿಗೆ ಕೊಡದ ದಂಗೆ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯುವುದು ಕಷ್ಟ. ಇಸ್ಲಾಮಿನ ಒಳಗೆ ಇವತ್ತು ನಡೆಯುತ್ತಿರುವ ಚರ್ಚೆಗೂ ಇದೇ ಬೇರು. ಮತ ಬಿಟ್ಟ ಗಂಡಸು ಪಶ್ಚಾತ್ತಾಪ ಪಡದಿದ್ದರೆ ಅವನಿಗೆ ಮರಣದಂಡನೆ ಎಂಬುದು ಹಳೆಯ ನ್ಯಾಯಶಾಸ್ತ್ರದ ಮುಖ್ಯ ಪಂಥಗಳ ನಿಲುವು. ಕುರಾನಿನಲ್ಲಿ ಇದಕ್ಕೆ ಪರಲೋಕದ ಶಿಕ್ಷೆಯ ಮಾತಿದೆಯೇ ಹೊರತು ಈ ಲೋಕದ ಶಿಕ್ಷೆ ಹೇಳಿಲ್ಲ, ಹಳೆಯ ನಿಯಮ ಯುದ್ಧಕಾಲದ ರಾಜದ್ರೋಹಕ್ಕೆ ಸಂಬಂಧಿಸಿದ್ದು ಅಂತ ಇಂದಿನ ಹಲವು ಮುಸ್ಲಿಂ ವಿದ್ವಾಂಸರು ವಾದಿಸುತ್ತಾರೆ. ಪದದ ಚರಿತ್ರೆ ಗೊತ್ತಿದ್ದವರಿಗೆ ಈ ವಾದ ಹೊಸದು ಅನ್ನಿಸದು. ದಂಗೆಗೂ ಅವಿಶ್ವಾಸಕ್ಕೂ ಬಿದ್ದ ಗಂಟನ್ನು ಬಿಚ್ಚುವ ಪ್ರಯತ್ನ ಅದು.

ದೂರ ಸರಿಯುವುದು, ಹಿಂದಕ್ಕೆ ತಿರುಗುವುದು ಆಯಿತು. ಇನ್ನು ಬೀಳುವುದು. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್ ಒಂದು ಆಜ್ಞೆ ಹೊರಡಿಸಿದ. ಸಾಮ್ರಾಜ್ಯದ ಜನ ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕು. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಪಪೈರಸ್ ತುಂಡುಗಳಾಗಿ ಸಿಕ್ಕಿವೆ. ಒಕ್ಕಣೆ ಹೆಚ್ಚುಕಡಿಮೆ ಒಂದೇ: ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತಾ ಬಂದವನು, ಈಗಲೂ ನಿಮ್ಮ ಕಣ್ಣೆದುರೇ ಕೊಟ್ಟಿದ್ದೇನೆ, ದಯವಿಟ್ಟು ದೃಢೀಕರಿಸಿ. ಈ ಪರೀಕ್ಷೆಗೆ ಮಣಿದ ಕ್ರೈಸ್ತರನ್ನು ಉಳಿದವರು ಲಾಪ್ಸಿ ಎಂದರು, ಬಿದ್ದವರು ಅಂತ. ಕೆಲವರು ಬಲಿ ಕೊಡಲಿಲ್ಲ, ದುಡ್ಡು ಕೊಟ್ಟು ಪತ್ರ ಮಾತ್ರ ಮಾಡಿಸಿಕೊಂಡರು. ಅವರಿಗೆ ಬೇರೆ ಹೆಸರು, ಪತ್ರದವರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಯಾರನ್ನು ವಾಪಸು ಸೇರಿಸಿಕೊಳ್ಳಬೇಕು, ಯಾರಿಗೆ ಎಷ್ಟು ಪ್ರಾಯಶ್ಚಿತ್ತ ಎಂಬ ಜಗಳದಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿದ್ದರು. ಐವತ್ತು ವರ್ಷದ ನಂತರ, 303ರಲ್ಲಿ, ಡಯೊಕ್ಲೀಷಿಯನ್ ಪವಿತ್ರ ಗ್ರಂಥಗಳನ್ನು ಸುಡಲು ಹೇಳಿದಾಗ ಅವನ್ನು ಅಧಿಕಾರಿಗಳ ಕೈಗೆ ಒಪ್ಪಿಸಿದವರು ಟ್ರಾಡಿಟೋರೆಸ್ ಆದರು. ಒಪ್ಪಿಸುವುದು ಎಂಬ ಲ್ಯಾಟಿನ್ ಕ್ರಿಯಾಪದದಿಂದ ಬಂದ ಮಾತು. ಇಂಗ್ಲಿಷಿನ ಟ್ರೇಟರ್, ಅಂದರೆ ದ್ರೋಹಿ, ಇದರದೇ ಕುಡಿ.

ಸಾವಿರದ ಮುನ್ನೂರು ವರ್ಷ ಮುಂದೆ ಬನ್ನಿ. ಜಪಾನಿನಲ್ಲಿ ತೊಕುಗಾವಾ ಆಡಳಿತ ಕ್ರೈಸ್ತ ಮತವನ್ನು ನಿಷೇಧಿಸಿತು. ಮತ ಬಿಟ್ಟವರಿಗೆ ಅಲ್ಲಿ ಬಳಕೆಗೆ ಬಂದ ಮಾತು ಕೊರೊಬಿ. ಉರುಳಿದವರು, ಮುಗ್ಗರಿಸಿ ಬಿದ್ದವರು. ರೋಮಿನ ಲ್ಯಾಟಿನ್ನಿಗೂ ನಾಗಸಾಕಿಯ ಜಪಾನಿಗೂ ನೆಂಟಸ್ತನವಿಲ್ಲ. ಆದರೂ ಚಿತ್ರ ಒಂದೇ. ಕನ್ನಡದ ಧರ್ಮಭ್ರಷ್ಟ, ಪತಿತ ಎಂಬ ಮಾತುಗಳ ಒಳಗಿರುವುದೂ ಬೀಳುವುದೇ. ಬೀಳುವುದು ಎಂದ ಕೂಡಲೇ ಎರಡು ವಿಷಯ ತೀರ್ಮಾನವಾಗಿಬಿಡುತ್ತವೆ: ನಿಂತಿದ್ದ ಜಾಗ ಎತ್ತರದಲ್ಲಿತ್ತು, ಹೋದದ್ದು ಬೇಕೆಂದು ಹೋದದ್ದಲ್ಲ. ಯೋಚಿಸಿ ಬೇರೆ ಕಡೆ ನಡೆದು ಹೋದವರಿಗೆ ಈ ಚಿತ್ರದಲ್ಲಿ ಜಾಗವೇ ಇಲ್ಲ.

ಜಪಾನಿನ ಪರೀಕ್ಷೆ ಕಾಲಿನದು. ಯೇಸುವಿನದೋ ಮರಿಯಳದೋ ಚಿತ್ರ ಕೆತ್ತಿದ ಹಲಗೆಯನ್ನು ನೆಲದ ಮೇಲಿಟ್ಟು ತುಳಿಸುತ್ತಿದ್ದರು. ಫುಮಿಎ ಅಂತ ಅದರ ಹೆಸರು. ನಾಗಸಾಕಿಯಲ್ಲಿ ಇದು ವರ್ಷಕ್ಕೊಮ್ಮೆ ನಡೆಯುವ ಕ್ರಮವೇ ಆಯಿತು, ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ನಡೆಯಿತು. ಇಷ್ಟು ತುಳಿಸಿದ ಮೇಲೆ ಮತ ಸತ್ತಿರಬೇಕು, ಅಲ್ವಾ? 1865ರ ಮಾರ್ಚ್‌ನಲ್ಲಿ ನಾಗಸಾಕಿಯ ಓಉರಾದಲ್ಲಿ ಹೊಸದಾಗಿ ಕಟ್ಟಿದ ಚರ್ಚಿಗೆ ಹತ್ತಿರದ ಉರಕಾಮಿಯ ಕೆಲವು ರೈತರು ಬಂದರು. ಫ್ರೆಂಚ್ ಪಾದ್ರಿ ಪೆತಿಜಾನ್ ಹತ್ತಿರ ಹೋಗಿ, ನಮ್ಮ ಮನಸ್ಸೂ ನಿಮ್ಮ ಮನಸ್ಸೂ ಒಂದೇ ಎಂದು ಪಿಸುಗುಟ್ಟಿದರು. ಏಳು ತಲೆಮಾರು ಹಲಗೆ ತುಳಿದೂ ತುಳಿದೂ ಮನೆಯೊಳಗೆ ಪ್ರಾರ್ಥನೆ ಉಳಿಸಿಕೊಂಡು ಬಂದಿದ್ದ ಕುಟುಂಬಗಳವರು ಅವರು.

ಹಾಗಾದರೆ ಆ ಹಲಗೆಯಿಂದ ಆಡಳಿತಕ್ಕೆ ಸಿಕ್ಕಿದ್ದೇನು? ನನ್ನ ಪ್ರಕಾರ ಈ ವಿಷಯದ ತಿರುಳು ಇಲ್ಲಿದೆ. ಮನಸ್ಸನ್ನು ಬದಲಿಸಲಾಗದು ಅಂತ ಅಧಿಕಾರದಲ್ಲಿರುವವರಿಗೂ ಗೊತ್ತಿರುತ್ತದೆ. ಅವರಿಗೆ ಬೇಕಾದದ್ದು ನಾಲ್ಕು ಜನರ ಎದುರು ಕಾಣುವ, ಕೇಳುವ, ದಾಖಲಾಗುವ ಒಂದು ಕ್ರಿಯೆ. ಕಾಲು ತುಳಿಯಬೇಕು, ಕೈ ರುಜು ಹಾಕಬೇಕು, ಬಾಯಿ ಹೇಳಬೇಕು. ಸುಮಾರು 112ರಲ್ಲಿ ಕಪ್ಪುಸಮುದ್ರದ ದಂಡೆಯ ಪ್ರಾಂತ್ಯದಿಂದ ಪ್ಲಿನಿ ಎಂಬ ಅಧಿಕಾರಿ ಚಕ್ರವರ್ತಿ ಟ್ರೇಜನ್‌ಗೆ ಬರೆದ ಪತ್ರದಲ್ಲೇ ಇದು ಸ್ಪಷ್ಟ. ಕ್ರೈಸ್ತರು ಅಂತ ದೂರು ಬಂದವರು ದೇವತೆಗಳನ್ನು ಪ್ರಾರ್ಥಿಸಿ, ಚಕ್ರವರ್ತಿಯ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ, ಕ್ರಿಸ್ತನನ್ನು ಬೈದರೆ ಬಿಟ್ಟುಬಿಡುತ್ತಿದ್ದೇನೆ ಎನ್ನುತ್ತಾನೆ. ಟ್ರೇಜನ್ ಒಪ್ಪುತ್ತಾನೆ. ಹಿಂದೆ ಏನೇ ಆಗಿರಲಿ, ಈಗ ನಮ್ಮ ದೇವತೆಗಳಿಗೆ ಕೈ ಮುಗಿದರೆ ಕ್ಷಮಿಸು ಎಂದು ಉತ್ತರಿಸುತ್ತಾನೆ. ಒಳಗೆ ಏನಿದೆ ಎಂದು ಇಬ್ಬರೂ ಕೇಳಲಿಲ್ಲ.

ಬಾಯಿಯ ಪದಗಳು ಬೇರೆಯೇ ಒಂದು ಗುಂಪು. ಇಂಗ್ಲಿಷಿನ ರಿಕ್ಯಾಂಟ್, ಅಂದರೆ ಹಿಂದೆ ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವುದು. ಇದರ ಮೂಲ ಲ್ಯಾಟಿನ್ನಿನ ಹಾಡು ಎಂಬ ಕ್ರಿಯಾಪದ. ಹಾಡಿದ್ದನ್ನು ತಿರುಗಿಸಿ ಹಾಡುವುದು! ಗ್ರೀಕರಲ್ಲಿ ಇದಕ್ಕೊಂದು ಕಥೆಯೂ ಇದೆ. ಕವಿ ಸ್ಟೆಸಿಕೋರಸ್ ಹೆಲೆನ್‌ಳನ್ನು ಹೀನಾಯವಾಗಿ ಹಾಡಿದನಂತೆ. ಕಣ್ಣು ಹೋಯಿತಂತೆ. ಆ ಕಥೆ ನಿಜವಲ್ಲ, ನೀನು ಟ್ರಾಯ್‌ಗೆ ಹೋಗಲೇ ಇಲ್ಲ ಅಂತ ಇನ್ನೊಂದು ಪದ್ಯ ಕಟ್ಟಿದ ಮೇಲೆ ದೃಷ್ಟಿ ಮರಳಿತಂತೆ. ಪ್ಲೇಟೋ ಇದನ್ನು ನೆನೆಯುತ್ತಾನೆ. ಅಂಥ ಮರುಹಾಡಿಗೆ ಪ್ಯಾಲಿನೋಡ್ ಎನ್ನುತ್ತಾರೆ. ಅಬ್ಜ್ಯೂರ್ ಎಂಬ ಪದದಲ್ಲಿರುವುದು ಆಣೆ, ಆಣೆಯಿಟ್ಟು ಕಳಚಿಕೊಳ್ಳುವುದು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಅಪರಾಧ ಮಾಡಿ ಚರ್ಚಿನೊಳಗೆ ಆಶ್ರಯ ಪಡೆದವನು, ಮತ್ತೆ ಈ ದೇಶಕ್ಕೆ ಕಾಲಿಡುವುದಿಲ್ಲ ಅಂತ ಆಣೆಯಿಟ್ಟು ಬಂದರಿನ ದಾರಿ ಹಿಡಿಯಬಹುದಿತ್ತು. ಅದಕ್ಕೂ ಇದೇ ಪದ. ರಿನೌನ್ಸ್ ಎಂಬುದರಲ್ಲಿ ಸುದ್ದಿ ಸಾರುವುದಿದೆ. ಹಾಡು, ಆಣೆ, ಸಾರುವುದು. ಮೂರಕ್ಕೂ ಕೇಳುವ ಕಿವಿಗಳು ಬೇಕು. ಮನಸ್ಸಿನಲ್ಲೇ ಮಾಡಿ ಮುಗಿಸುವ ಕೆಲಸಗಳಲ್ಲ.

1633ರ ಜೂನ್ 22ರಂದು ರೋಮಿನ ಸಾಂಟಾ ಮರಿಯಾ ಸೋಪ್ರಾ ಮಿನರ್ವಾ ಮಠದಲ್ಲಿ ಗೆಲಿಲಿಯೋ ಮಂಡಿಯೂರಿ ಓದಿದ್ದು ಇಂಥ ಒಂದು ಪಠ್ಯ. ಆಗ ಅವನಿಗೆ 69 ವರ್ಷ. ಪಠ್ಯ ಬರೆದುಕೊಟ್ಟವರು ಅವನ ವಿಚಾರಣೆ ಮಾಡಿದ ಕ್ಯಾಥೊಲಿಕ್ ಚರ್ಚಿನವರೇ. ಸೂರ್ಯ ನಿಂತಿದ್ದಾನೆ, ಭೂಮಿ ಸುತ್ತುತ್ತದೆ ಎಂಬ ತಪ್ಪನ್ನು ಬಿಡುತ್ತೇನೆ, ಶಪಿಸುತ್ತೇನೆ, ಅಸಹ್ಯಪಡುತ್ತೇನೆ ಅಂತ ಅದರಲ್ಲಿತ್ತು. ಮೇಲೆದ್ದವನು "ಆದರೂ ಅದು ಚಲಿಸುತ್ತದೆ" ಅಂದ ಎಂಬ ಕಥೆ ನಾವೆಲ್ಲ ಕೇಳಿದ್ದೇವೆ. ಅಚ್ಚಿನಲ್ಲಿ ಆ ಮಾತು ಕಾಣಿಸಿಕೊಳ್ಳುವುದು 1757ರಲ್ಲಿ, ಲಂಡನ್ನಿನಲ್ಲಿದ್ದ ಇಟಲಿಯ ಲೇಖಕ ಬರೆಟ್ಟಿಯ ಪುಸ್ತಕದಲ್ಲಿ. ನಡುವೆ 124 ವರ್ಷ. ಕಥೆ ನಮಗೆ ಇಷ್ಟವಾಗುವುದಕ್ಕೆ ಕಾರಣ ಇದೆ: ಒತ್ತಾಯದ ಮಾತಿಗೆ ಕಿಮ್ಮತ್ತಿಲ್ಲ ಅಂತ ನಾವು ನಂಬಬಯಸುತ್ತೇವೆ. ವಿಚಾರಣೆ ನಡೆಸಿದವರ ಲೆಕ್ಕ ಬೇರೆ ಇತ್ತು. ತೀರ್ಪು ಮತ್ತು ಶಪಥದ ಪ್ರತಿಗಳನ್ನು ಅವರು ಊರೂರಿಗೆ ಕಳಿಸಿದರು. ಫ್ಲಾರೆನ್ಸಿನಲ್ಲಿ ಗಣಿತದ ಪಂಡಿತರನ್ನು ಕರೆಸಿ ಅವರ ಮುಂದೆ ಓದಿಸಿದರು. ಗೆಲಿಲಿಯೋ ಏನು ನಂಬುತ್ತಾನೆ ಎಂಬುದಕ್ಕಿಂತ ಆ ಪಂಡಿತರು ಏನು ಕೇಳಿಸಿಕೊಂಡರು ಎಂಬುದು ಮುಖ್ಯವಾಗಿತ್ತು.

ಕೆಲವೊಮ್ಮೆ ಲೆಕ್ಕ ತಪ್ಪುತ್ತದೆ. ಇಂಗ್ಲೆಂಡಿನ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಜೈಲಿನಲ್ಲಿ ತನ್ನ ಪ್ರಾಟೆಸ್ಟೆಂಟ್ ನಿಲುವುಗಳನ್ನು ಬಿಟ್ಟೆ ಅಂತ ಒಂದರ ಮೇಲೊಂದು ಪತ್ರಕ್ಕೆ ರುಜು ಹಾಕಿದ. ಆದರೂ ಸುಡುವ ಶಿಕ್ಷೆ ತಪ್ಪಲಿಲ್ಲ. 1556ರ ಮಾರ್ಚ್ 21ರಂದು ಆಕ್ಸ್‌ಫರ್ಡಿನಲ್ಲಿ ಜನರ ಮುಂದೆ ಕೊನೆಯ ಬಾರಿ ಅದನ್ನೇ ಹೇಳಲು ನಿಲ್ಲಿಸಿದರು. ಅವನು ಎಲ್ಲವನ್ನೂ ವಾಪಸು ತೆಗೆದುಕೊಂಡ. ಸುಳ್ಳು ಬರೆದ ಈ ಬಲಗೈ ಮೊದಲು ಸುಡಲಿ ಎಂದು ಹೇಳಿ, ಬೆಂಕಿಯಲ್ಲಿ ಅದನ್ನೇ ಮೊದಲು ಚಾಚಿದ.

ಇಪ್ಪತ್ತನೇ ಶತಮಾನಕ್ಕೆ ಬಂದರೆ ದೇವರು ಬಿಟ್ಟುಹೋಗುತ್ತಾನೆ, ವಿಧಿವಿಧಾನ ಉಳಿಯುತ್ತದೆ. 1933ರ ಜೂನ್‌ನಲ್ಲಿ ಜಪಾನಿನ ಕಮ್ಯುನಿಸ್ಟ್ ನಾಯಕರಾದ ಸಾನೊ ಮನಾಬು ಮತ್ತು ನಬೆಯಾಮಾ ಸದಾಚಿಕಾ ಜೈಲಿನಿಂದಲೇ ಒಂದು ಹೇಳಿಕೆ ಹೊರಡಿಸಿದರು. ಮಾಸ್ಕೋದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಬಿಟ್ಟೆವು, ಚಕ್ರವರ್ತಿಯ ವ್ಯವಸ್ಥೆಯನ್ನು ಒಪ್ಪಿದೆವು ಅಂತ. ಅವರ ಹಿಂದೆ ನೂರಾರು ಕೈದಿಗಳು ಅದೇ ದಾರಿ ಹಿಡಿದರು. ಇದಕ್ಕೆ ತೆಂಕೊ ಎಂದರು. ದಿಕ್ಕು ಬದಲಿಸುವುದು ಎಂದು ಅರ್ಥ. ಮುಂದೆ ಇದು ಆಡಳಿತದ ಕಾರ್ಯಕ್ರಮವೇ ಆಯಿತು. ತೆಂಕೊ ಮಾಡಿದವರನ್ನು ಬಿಡುಗಡೆಯ ನಂತರವೂ ಕಣ್ಗಾವಲಿನಲ್ಲಿಡುವ ವ್ಯವಸ್ಥೆ ಬಂತು. 1948ರ ಆಗಸ್ಟ್‌ನಲ್ಲಿ ಮಾಸ್ಕೋದ ಕೃಷಿ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ತಳಿವಿಜ್ಞಾನವನ್ನೇ ತಳ್ಳಿಹಾಕಿದ ಸೋವಿಯತ್ ಕೃಷಿ ವಿಜ್ಞಾನಿ ಲೈಸೆಂಕೊ, ತನ್ನ ವರದಿಗೆ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯ ಒಪ್ಪಿಗೆ ಇದೆ ಅಂದ. ಅದು ಕೊನೆಯ ದಿನ. ಅಲ್ಲಿತನಕ ಎದುರು ವಾದಿಸಿದ್ದ ಮೂವರು ವಿಜ್ಞಾನಿಗಳು ಎದ್ದು ನಿಂತು ತಮ್ಮ ಮಾತು ತಪ್ಪಾಯಿತು ಎಂದರು. ಜೋಸೆಫ್ ರಾಪೊಪೋರ್ಟ್ ಎಂಬ ತಳಿವಿಜ್ಞಾನಿ ಮಾತ್ರ ಹಿಂದೆ ಸರಿಯಲಿಲ್ಲ. ಕೆಲಸವೂ ಹೋಯಿತು, ಪಕ್ಷದ ಸದಸ್ಯತ್ವವೂ ಹೋಯಿತು.

ಇದೆಲ್ಲ ಓದಿದರೆ ಬಹಿರಂಗವಾಗಿ ನಂಬಿಕೆ ಬಿಡುವುದು ಅಂದರೆ ಬರೀ ಅವಮಾನ ಅನ್ನಿಸಬಹುದು. ಅದೇ ರೂಪವನ್ನು ತಲೆಕೆಳಗು ಮಾಡಿದ ಒಂದು ಘಟನೆ ಇದೆ. ಅಂಬೇಡ್ಕರ್ 1935ರ ಅಕ್ಟೋಬರ್‌ನಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಎಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡರು. ಆಮೇಲೆ ಸೇರಿದ್ದ ಲಕ್ಷಾಂತರ ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಮೊದಲ ಪ್ರತಿಜ್ಞೆಗಳು ನಿರಾಕರಣೆಯವು: ಬ್ರಹ್ಮ, ವಿಷ್ಣು, ಮಹೇಶ್ವರರನ್ನು ನಂಬುವುದಿಲ್ಲ, ಪೂಜಿಸುವುದಿಲ್ಲ. ರೂಪ ನೋಡಿದರೆ ಗೆಲಿಲಿಯೋ ಓದಿದ್ದರ ಹಾಗೇ ಇದೆ. ಗಟ್ಟಿಯಾಗಿ ಹೇಳುವುದು, ಆಣೆಯ ಧಾಟಿ, ಸುತ್ತ ಸಾಕ್ಷಿಗಳು. ಆದರೆ ಪಠ್ಯ ಬರೆದವರು ಹೊರಗೆ ಹೋಗುತ್ತಿದ್ದವರು. ಮಂಡಿಯೂರುವುದನ್ನು ಬಿಡುವುದಕ್ಕೇ ಆಣೆ ಮಾಡಿದ್ದರು. ಕ್ಲಿಯೋನ್ ಅಂದನಲ್ಲ, ಆ ಪದ ದಬ್ಬಾಳಿಕೆ ಅನುಭವಿಸಿದವರಿಗೆ ಸಲ್ಲುತ್ತದೆ ಅಂತ. ಆ ಹಳೆಯ ಅರ್ಥಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಅದಕ್ಕೆ ಬೆಲೆಯನ್ನೂ ತೆತ್ತರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಬೌದ್ಧರನ್ನು ಸೇರಿಸಿದ್ದು 1990ರಲ್ಲಿ. ಕ್ರೈಸ್ತ, ಮುಸ್ಲಿಂ ಆದ ದಲಿತರ ಬೇಡಿಕೆ ಇನ್ನೂ ಈಡೇರಿಲ್ಲ.

ಅಂತರರಾಷ್ಟ್ರೀಯ ಕಾನೂನಿನಲ್ಲೂ ಈ ಜಗಳ ಒಂದೇ ಪದದ ಸುತ್ತ ತಿರುಗುತ್ತದೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ, ಧರ್ಮವನ್ನು ಅಥವಾ ನಂಬಿಕೆಯನ್ನು ಬದಲಿಸುವ ಸ್ವಾತಂತ್ರ್ಯ ಇದೆ ಎಂದು ನೇರವಾಗಿ ಹೇಳುತ್ತದೆ. ಸೌದಿ ಅರೇಬಿಯಾ ಆ ಮಾತನ್ನು ಆಕ್ಷೇಪಿಸಿ ಮತದಾನದಿಂದ ದೂರ ಉಳಿಯಿತು. ಪಾಕಿಸ್ತಾನದ ವಿದೇಶಾಂಗ ಮಂತ್ರಿ ಝಫರುಲ್ಲಾ ಖಾನ್ ಕುರಾನನ್ನೇ ಆಧಾರವಾಗಿಟ್ಟು ಬೆಂಬಲಿಸಿದರು. ಅವರು ಅಹ್ಮದಿಯಾ ಪಂಥದವರು. 1974ರಲ್ಲಿ ಅದೇ ಪಾಕಿಸ್ತಾನ ಸಂವಿಧಾನಕ್ಕೆ ತಿದ್ದುಪಡಿ ತಂದು ಅಹ್ಮದಿಗಳು ಮುಸ್ಲಿಮರಲ್ಲ ಎಂದಿತು. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಬರುವಷ್ಟರಲ್ಲಿ "ಬದಲಿಸುವ" ಎಂಬ ಮಾತು ಜಾರಿಹೋಗಿ "ಹೊಂದುವ ಅಥವಾ ಸ್ವೀಕರಿಸುವ" ಎಂಬುದು ಬಂತು. ಸ್ವೀಕರಿಸಬೇಕಾದರೆ ಹಿಂದಿನದನ್ನು ಬಿಡಲೇಬೇಕಲ್ಲ ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರಲ್ಲಿ ವಿವರಣೆ ಕೊಡಬೇಕಾಯಿತು. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಲ್ಲಿ 2019ರಲ್ಲಿ 22 ದೇಶಗಳಲ್ಲಿ ಮತ ಬಿಡುವುದರ ವಿರುದ್ಧ ಕಾನೂನು ಇತ್ತು. 2020ರ ಜುಲೈನಲ್ಲಿ ಸುಡಾನ್, ಮರಣದಂಡನೆ ಹೇಳುತ್ತಿದ್ದ ತನ್ನ ಕಾನೂನನ್ನು ರದ್ದುಮಾಡಿತು.

ಈಗ ಹೊರಗೆ ಹೋದವರು ತಮಗೆ ತಾವೇ ಹೆಸರಿಟ್ಟುಕೊಳ್ಳಲು ಪ್ರಯತ್ನಿಸುತ್ತಿದ್ದಾರೆ. 2007ರಲ್ಲಿ ಜರ್ಮನಿಯಲ್ಲಿ ಮಾಜಿ ಮುಸ್ಲಿಮರ ಕೇಂದ್ರೀಯ ಮಂಡಳಿ ಹುಟ್ಟಿಕೊಂಡಿತು. ಬೇರೆ ದೇಶಗಳಲ್ಲೂ ಅಂಥವು ಬಂದವು. ಮಾಜಿ ಎಂಬುದು ಬೈಗುಳವಲ್ಲ, ಆದರೆ ಬಿಟ್ಟ ಮನೆಯ ಹೆಸರನ್ನು ಹೊತ್ತುಕೊಂಡೇ ತಿರುಗಬೇಕು.

ಶಿಕ್ಷೆಯ ಭಯವಿಲ್ಲದ ಕಡೆ ಜಗಳ ದಾಖಲೆ ಪುಸ್ತಕಕ್ಕೆ ಬಂದು ನಿಂತಿದೆ. ಜರ್ಮನಿಯಲ್ಲಿ ಚರ್ಚಿನ ಸದಸ್ಯರು ಆದಾಯ ತೆರಿಗೆಯ 8 ಅಥವಾ 9 ಶೇಕಡಾದಷ್ಟನ್ನು ಚರ್ಚ್ ತೆರಿಗೆಯಾಗಿ ಕೊಡಬೇಕು. ಅದು ಬೇಡವಾದರೆ ಸರ್ಕಾರಿ ಕಚೇರಿಗೆ ಹೋಗಿ, ಬಿಟ್ಟೆ ಅಂತ ಬರೆದುಕೊಡಬೇಕು. 2022ರಲ್ಲಿ ಕ್ಯಾಥೊಲಿಕ್ ಚರ್ಚಿನಿಂದಲೇ 5,22,821 ಜನ ಹೀಗೆ ಹೊರಬಂದರು. ತೆರಿಗೆ ಉಳಿಸಲು ಹೋದವರೆಷ್ಟು, ಪಾದ್ರಿಗಳ ಲೈಂಗಿಕ ದೌರ್ಜನ್ಯದ ಸುದ್ದಿಗಳಿಂದ ರೋಸಿಹೋದವರೆಷ್ಟು, ನಂಬಿಕೆಯೇ ಹೋದವರೆಷ್ಟು ಅಂತ ಆ ಅರ್ಜಿ ಕೇಳುವುದಿಲ್ಲ. 2012ರಲ್ಲಿ ಅಲ್ಲಿನ ಬಿಷಪ್‌ಗಳು ಹೀಗೆ ಹೊರಟವರಿಗೆ ಪ್ರಸಾದವಿಲ್ಲ, ಪಾಪನಿವೇದನೆ ಇಲ್ಲ ಎಂದು ಆದೇಶಿಸಿದರು. ಅತ್ತ ವ್ಯಾಟಿಕನ್ 2009ರಲ್ಲಿ ತನ್ನ ಮದುವೆಯ ನಿಯಮಗಳಿಂದ "ವಿಧಿವತ್ತಾಗಿ ಚರ್ಚು ಬಿಡುವುದು" ಎಂಬ ಮಾತನ್ನೇ ತೆಗೆದುಹಾಕಿತು. ಒಮ್ಮೆ ದೀಕ್ಷಾಸ್ನಾನ ಆದವರು ಆದಂತೆಯೇ ಎಂಬುದು ಅದರ ನಿಲುವು.

ಹಾಗಿದ್ದರೆ ದೀಕ್ಷಾಸ್ನಾನದ ರಿಜಿಸ್ಟರಿನಿಂದ ಹೆಸರು ಅಳಿಸಿ ಅಂತ ಕೇಳಬಹುದೇ? ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಹಿಡಿದು ಜನ ಕೇಳತೊಡಗಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಮಾಹಿತಿ ರಕ್ಷಣಾ ಪ್ರಾಧಿಕಾರ ಅರ್ಜಿದಾರರ ಪರ ನಿಂತು, ಘೆಂಟ್ ಡಯಾಸಿಸ್‌ಗೆ, ಅಂದರೆ ಅಲ್ಲಿನ ಬಿಷಪ್ಪರ ಆಡಳಿತಕ್ಕೆ, ಹೆಸರು ಅಳಿಸಲು ಹೇಳಿತು. ಎರಡೇ ತಿಂಗಳಲ್ಲಿ ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಇದಕ್ಕೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ದೀಕ್ಷೆ ನಡೆದದ್ದು ಒಂದು ಘಟನೆ, ಅದರ ದಾಖಲೆ ಇರಲಿ, ಈ ವ್ಯಕ್ತಿ ಚರ್ಚು ಬಿಟ್ಟಿದ್ದಾರೆ ಎಂದು ಅಂಚಿನಲ್ಲಿ ಬರೆದರೆ ಸಾಕು ಎಂದಿತು.

ಫ್ರೆಂಚ್ ತೀರ್ಪು ನನಗೆ ಹೆಚ್ಚು ಸರಿ ಕಾಣುತ್ತದೆ. ಹೆಸರು ಅಳಿಸಿದರೆ ಆ ವ್ಯಕ್ತಿ ಒಳಗಿದ್ದದ್ದೂ ಅಳಿಯುತ್ತದೆ, ಬಿಟ್ಟದ್ದೂ ಅಳಿಯುತ್ತದೆ. ಅಂಚಿನ ಟಿಪ್ಪಣಿಯಲ್ಲಿ ಎರಡೂ ಉಳಿಯುತ್ತವೆ. ಆದರೆ ಆ ಟಿಪ್ಪಣಿಯ ಒಕ್ಕಣೆಯನ್ನು ಬರೆಯುವ ಹಕ್ಕು ಹೊರಟವರಿಗೆ ಇರಬೇಕು. ಸದ್ಯಕ್ಕೆ ಪೆನ್ನು ಇರುವುದು ರಿಜಿಸ್ಟರು ಇಟ್ಟುಕೊಂಡವರ ಬಳಿ.